ಲೋಗೊ ಸುತ್ತ ಬಿಳಿ ಡಬ್ಬ ಬರ್ತಿದೆಯಾ? ಬಿಳಿ ಎಲ್ಲಿಂದ ಬಂತು ಅಂತ ಹುಡುಕುವುದು ಹೀಗೆ

ಗಣೇಶನ ಹಬ್ಬಕ್ಕೆ ಶುರುವಾಗಿ ದಸರಾ ದಾಟಿ ನವೆಂಬರ್ 1ರ ರಾಜ್ಯೋತ್ಸವದವರೆಗೆ ಮೈಸೂರು, ಮಂಡ್ಯದ ಡಿಟಿಪಿ ಅಂಗಡಿಗಳಲ್ಲಿ ಈ ಮಾತು ಕೇಳುತ್ತಲೇ ಇರುತ್ತದೆ. "ಅಣ್ಣ, ನೀವು ಕಳಿಸಿದ ಲೋಗೊ ಸುತ್ತ ಬೆಳ್ಳಗೆ ಡಬ್ಬ ಬಂದದೆ, ತೆಗೆದುಕೊಡಿ." ಬಿಳಿ ಹಾಳೆ ಮೇಲೆ ಲೋಗೊ ಚೆನ್ನಾಗೇ ಕಾಣುತ್ತಿತ್ತು. ಹಳದಿ-ಕೆಂಪು ಬ್ಯಾನರ್ ಮೇಲೆ ಇಟ್ಟ ತಕ್ಷಣ ಸುತ್ತ ಒಂದು ಬಿಳಿ ಚೌಕ ಎದ್ದು ಕೂತಿದೆ. ಡಿಸೈನ್ ಮಾಡಿದವರು "ನಾನು ಪಿಎನ್‌ಜಿನೇ ಕಳಿಸಿದ್ದು" ಅಂತಾರೆ, ಅಂದರೆ ಹಿಂಬದಿ ಖಾಲಿ ಇಡಬಹುದಾದ ಬಗೆಯ ಫೈಲ್. ಫ್ಲೆಕ್ಸ್ ಹಾಕುವವರು "ನಮಗೆ ಬಂದಿದ್ದೇ ಹೀಗೆ" ಅಂತಾರೆ. ಇಬ್ಬರ ಮಾತೂ ನಿಜ ಇರಬಹುದು, ಅದೇ ಇಲ್ಲಿನ ತೊಂದರೆ.

ಆಗ ಹೆಚ್ಚಿನವರು ಹಿಡಿಯುವ ದಾರಿ ಅಂದರೆ ಫೋನಿನಲ್ಲೇ ಯಾವುದಾದರೂ ಬ್ಯಾಕ್‌ಗ್ರೌಂಡ್ ತೆಗೆಯುವ ಆಪ್‌ಗೆ ಆ ಚಿತ್ರವನ್ನು ಹಾಕುವುದು. ದಯವಿಟ್ಟು ಬೇಡ. ಆಪ್ ಅಂಚನ್ನು ಊಹೆ ಮಾಡಿ ಕತ್ತರಿಸುತ್ತದೆ. ಲೋಗೊ ಒಳಗೆ ಬೇಕು ಅಂತಲೇ ಇಟ್ಟ ಬಿಳಿಯನ್ನೂ ತಿಂದುಹಾಕುತ್ತದೆ. ವೆಕ್ಟರ್‌ನಲ್ಲಿ (ಎಷ್ಟು ದೊಡ್ಡದು ಮಾಡಿದರೂ ಒಡೆಯದ ಗೆರೆ-ಆಕಾರಗಳಲ್ಲಿ) ಅಷ್ಟು ಕಷ್ಟಪಟ್ಟು ಎಳೆದ ನುಣುಪಾದ ಗೆರೆ ಹಲ್ಲುಹಲ್ಲಾಗುತ್ತದೆ. ಮೂಲ ಫೈಲ್ ಕೈಯಲ್ಲೇ ಇರುವಾಗ ಅದರ ಅಗತ್ಯವಾದರೂ ಏನು? ಬಿಳಿ ಎಲ್ಲಿಂದ ಬಂತು ಅಂತ ಗೊತ್ತಾದರೆ ಸರಿಮಾಡುವುದು ಒಂದೆರಡು ಕ್ಲಿಕ್ಕಿನ ಕೆಲಸ.

ಬಿಳಿ ಬರುವುದಕ್ಕೆ ಇರುವುದು ನಾಲ್ಕೇ ಜಾಗ. ನೀವು ಬರೆದ ಚಿತ್ರದ ಒಳಗೇ ಇರಬಹುದು, ಎಕ್ಸ್‌ಪೋರ್ಟ್ (ಕೆಲಸದ ಫೈಲನ್ನು ಚಿತ್ರವಾಗಿ ಹೊರತೆಗೆಯುವುದು) ಮಾಡುವಾಗಿನ ಸೆಟ್ಟಿಂಗ್‌ನಲ್ಲಿ ಇರಬಹುದು, ಆರಿಸಿಕೊಂಡ ಫೈಲ್ ಬಗೆಯಲ್ಲಿ ಇರಬಹುದು, ಅಥವಾ ಫೈಲ್ ನಿಮ್ಮ ಕೈಬಿಟ್ಟ ಮೇಲೆ ದಾರಿಯಲ್ಲಿ ಸೇರಿಕೊಂಡಿರಬಹುದು. ಹುಡುಕುವಾಗ ಕೊನೆಯಿಂದ ಹಿಂದಕ್ಕೆ ಬನ್ನಿ. ದಾರಿಯಲ್ಲಿ ಕೆಟ್ಟಿದೆಯಾ ಅಂತ ನೋಡುವುದಕ್ಕೆ ನಿಮಿಷ ಸಾಕು, ಚಿತ್ರದೊಳಗೆ ಹುಡುಕುವುದಕ್ಕೆ ಅರ್ಧ ದಿನ ಹೋದರೂ ಹೋಯಿತು.

ಮೊದಲು ಒಂದು ಪರೀಕ್ಷೆ ಹಾಳೆ ಮಾಡಿಟ್ಟುಕೊಳ್ಳಿ

ನೀವು ಬಳಸುವ ಸಾಫ್ಟ್‌ವೇರ್‌ನಲ್ಲೇ ಒಂದು ಹೊಸ ಫೈಲ್ ತೆರೆಯಿರಿ. ಅರ್ಧಕ್ಕೆ ಹಳದಿ, ಅರ್ಧಕ್ಕೆ ಕೆಂಪು, ಕೆಳಗೆ ಒಂದು ಕಪ್ಪು ಪಟ್ಟಿ. ಎಕ್ಸ್‌ಪೋರ್ಟ್ ಮಾಡಿದ ಪಿಎನ್‌ಜಿಯನ್ನು ಇದರ ಮೇಲೆ ಇಂಪೋರ್ಟ್ ಮಾಡಿ ನೋಡಿ. ಮೂರು ಬಣ್ಣ ಯಾಕೆ ಅಂದರೆ, ಹಳದಿ ಮೇಲೆ ತೆಳು ಬಿಳಿ ಅಂಚು ಕಣ್ಣಿಗೆ ಬೀಳುವುದೇ ಇಲ್ಲ, ಕಪ್ಪಿನ ಮೇಲೆ ಅದೇ ಅಂಚು ಹೊಳೆಯುತ್ತದೆ. ಕಂಪ್ಯೂಟರಿನ ಫೋಟೊ ವ್ಯೂವರ್ ನಂಬಬೇಡಿ. ಕೆಲವು ವ್ಯೂವರ್ ಟ್ರಾನ್ಸ್‌ಪರೆಂಟ್ (ಪಾರದರ್ಶಕ, ಹಿಂದಿನದು ಕಾಣುವ) ಜಾಗವನ್ನು ಬಿಳಿ ತೋರಿಸುತ್ತವೆ, ಕೆಲವು ಕಪ್ಪು, ಕೆಲವು ಚೌಕುಳಿ. ಫೈಲ್ ಸರಿಯಾಗೇ ಇದ್ದರೂ ವ್ಯೂವರ್ ನೋಡಿ ಹೆದರಿಕೊಂಡು ಇಡೀ ಕೆಲಸ ಮತ್ತೆ ಮಾಡುವವರಿದ್ದಾರೆ.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ಪಿಎನ್‌ಜಿಯಲ್ಲಿ ಒಂದೊಂದು ಪಿಕ್ಸೆಲ್‌ಗೂ (ಚಿತ್ರದ ಅತಿ ಚಿಕ್ಕ ಚುಕ್ಕೆಗೂ) ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ ಇರುತ್ತವೆ, ಜೊತೆಗೆ ಆಲ್ಫಾ ಅನ್ನುವ ನಾಲ್ಕನೆಯದು. ಆಲ್ಫಾ 0 ಅಂದರೆ ಆ ಪಿಕ್ಸೆಲ್ ಕಾಣುವುದೇ ಇಲ್ಲ, 255 ಅಂದರೆ ಪೂರ್ತಿ ಗಟ್ಟಿ. ಕಾಣದ ಪಿಕ್ಸೆಲ್‌ಗೂ ಬಣ್ಣದ ಸಂಖ್ಯೆ ಅಂತೂ ಇದ್ದೇ ಇರುತ್ತದೆ, ಸಾಮಾನ್ಯವಾಗಿ ಮೂರೂ ಸೊನ್ನೆ. ಮೂರೂ ಸೊನ್ನೆ ಅಂದರೆ ಕಪ್ಪು. ಹಾಗಾಗಿ ಲೋಗೊ ಸುತ್ತ ಕಪ್ಪು ಡಬ್ಬ ಬಂದಿದ್ದರೆ, ಆಲ್ಫಾ ಮೊದಲು ಇತ್ತು, ಆಮೇಲೆ ಯಾರೋ ಅಥವಾ ಯಾವುದೋ ಆಪ್ ಅದನ್ನು ಕಿತ್ತುಹಾಕಿದೆ ಅಂತ ಅನುಮಾನ ಪಡಿ. ಬಿಳಿ ಡಬ್ಬ ಆದರೆ ಬಿಳಿ ಮೇಲೆ ಕೂರಿಸಿ ಚಪ್ಪಟೆ ಮಾಡಲಾಗಿದೆ (ಎಲ್ಲ ಸೇರಿ ಒಂದೇ ಪದರ ಆಗಿದೆ), ಇಲ್ಲವೇ ಚಿತ್ರದಲ್ಲೇ ಬಿಳಿ ಇದೆ. ಈ ಒಂದು ಸುಳಿವಿನಿಂದಲೇ ಎಷ್ಟೋ ಸಲ ಅರ್ಧ ಕೆಲಸ ಮುಗಿಯುತ್ತದೆ.

ದಾರಿಯಲ್ಲಿ ಕೆಟ್ಟಿದ್ದರೆ

ಗಿರಾಕಿ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ, "ಫೈಲ್ ನಿಮಗೆ ಹೇಗೆ ಬಂತು?" ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಜೆಪೆಗ್ ಆಗಿ ಕುಗ್ಗಿ ಹೋಗುತ್ತದೆ, ಆಲ್ಫಾ ಅಲ್ಲೇ ಸತ್ತಿತು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಮೈಸೂರಿನಲ್ಲಿ ಕೂತು ಮಾಡಿದ ಲೋಗೊ ಮದ್ದೂರು, ಮಳವಳ್ಳಿಗೆ ಹೋಗಿ, ಅಲ್ಲಿಂದ ಸಂಘದ ಗ್ರೂಪಿಗೆ ಹೋಗಿ, ಅಲ್ಲಿಂದ ಯಾರೋ ಡೌನ್‌ಲೋಡ್ ಮಾಡಿ ಫ್ಲೆಕ್ಸ್ ಅಂಗಡಿಗೆ ಕೊಟ್ಟಿರುತ್ತಾರೆ. ನಡುವೆ ಒಬ್ಬರು ಫೋಟೊ ಆಗಿ ಕಳಿಸಿದರೂ ಸಾಕು. ಹಾಗಾಗಿ ಕಂಪ್ಯೂಟರಿನಲ್ಲಿರುವ ನಿಮ್ಮ ಮೂಲ ಪಿಎನ್‌ಜಿಯನ್ನೂ ಅವರ ಹತ್ತಿರ ಇರುವುದನ್ನೂ ಪರೀಕ್ಷೆ ಹಾಳೆ ಮೇಲೆ ಪಕ್ಕಪಕ್ಕ ಇಡಿ. ನಿಮ್ಮದು ಸರಿ, ಅವರದು ಡಬ್ಬ ಅಂದರೆ ಸಾಫ್ಟ್‌ವೇರ್ ಮುಟ್ಟುವುದೇ ಬೇಡ, ಡಾಕ್ಯುಮೆಂಟ್ ಆಗಿ ಇನ್ನೊಮ್ಮೆ ಕಳಿಸಿ. ಹೆಸರಿನ ಕೊನೆಯಲ್ಲಿ ಜೆಪಿಜಿ ಅಂತ ಇದ್ದಿದ್ದನ್ನು ಪಿಎನ್‌ಜಿ ಅಂತ ಬದಲಾಯಿಸಿ ಕಳಿಸುವವರೂ ಇದ್ದಾರೆ. ಹೆಸರು ಬದಲಾದರೆ ಒಳಗಿರುವುದು ಬದಲಾಗಲ್ಲ.

ಫೈಲ್ ಬಗೆ ನೋಡುವುದು ಬೇಗ ಮುಗಿಯುತ್ತದೆ. 1992ರಲ್ಲಿ ಬಂದ ಜೆಪೆಗ್‌ನಲ್ಲಿ ಆಲ್ಫಾಗೆ ಜಾಗವೇ ಇಲ್ಲ, ಯಾವ ಸೆಟ್ಟಿಂಗ್ ಮಾಡಿದರೂ ಬರಲ್ಲ. ಜಿಫ್‌ನಲ್ಲಿ ಒಂದು ಪಿಕ್ಸೆಲ್ ಇದೆ ಅಥವಾ ಇಲ್ಲ, ಅಷ್ಟೇ, ಅರ್ಧಂಬರ್ಧ ಅನ್ನುವುದಿಲ್ಲ, ಅದಕ್ಕೇ ದುಂಡಗಿನ ಅಂಚು ಒರಟಾಗಿ ಕಾಣುತ್ತದೆ. 1996ರಲ್ಲಿ ಬಂದ ಪಿಎನ್‌ಜಿಯಲ್ಲಿ 256 ಹಂತ ಸಿಗುತ್ತದೆ. ವೆಬ್‌ಪಿ ಕೂಡ ಆಗುತ್ತದೆ, ಆದರೆ ಹಳೇ ಸಾಫ್ಟ್‌ವೇರ್ ಇಟ್ಟುಕೊಂಡಿರುವ ಪ್ರೆಸ್‌ಗಳಿಗೆ ಅದನ್ನು ಕೊಟ್ಟು ಕಷ್ಟ ಕೊಡಬೇಡಿ.

ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಇದ್ದರೆ

ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಬಳಸುವವರಿಗೆ ಇಲ್ಲೊಂದು ದೊಡ್ಡ ಗೊಂದಲ ಇದೆ. ಹೊಸ ಫೈಲ್ ತೆರೆದರೆ ಪುಟ ಬೆಳ್ಳಗೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಆ ಬಿಳಿಯ ಆಲ್ಫಾ ಸೊನ್ನೆ ಇರುತ್ತದೆ, ಅಂದರೆ ಎಕ್ಸ್‌ಪೋರ್ಟ್ ಮಾಡಿದರೆ ಟ್ರಾನ್ಸ್‌ಪರೆಂಟ್ ಆಗೇ ಬರುತ್ತದೆ. ಯಾರಾದರೂ ಆ ಆಲ್ಫಾವನ್ನು ಮೇಲಕ್ಕೆ ಎಳೆದಿದ್ದರೂ ಪುಟ ಬೆಳ್ಳಗೇ ಕಾಣುತ್ತದೆ. ಕೆಲಸ ಮಾಡುವಾಗ ಪುಟದ ಬಣ್ಣದ ಆಲ್ಫಾ ಲೆಕ್ಕಕ್ಕೆ ಬರಲ್ಲ, ಎಕ್ಸ್‌ಪೋರ್ಟ್ ಮಾಡುವಾಗ ಬರುತ್ತದೆ. ಹಾಗಾಗಿ ಪರದೆ ನೋಡಿ ಏನೂ ಹೇಳುವಂತಿಲ್ಲ. ಫೈಲ್ ಮೆನುವಿನಲ್ಲಿ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆಯಿರಿ, ಪೇಜ್ ಅಂತ ಇರುವ ಬಣ್ಣದ ಮೇಲೆ ಒತ್ತಿ, ಆಲ್ಫಾ ಸ್ಲೈಡರ್ ಪೂರ್ತಿ ಎಡಕ್ಕೆ ಇದೆಯಾ ನೋಡಿ. ಅಲ್ಲೇ ಚೆಕರ್‌ಬೋರ್ಡ್ ಅನ್ನುವ ಟಿಕ್ ಇದೆ, ಅದನ್ನು ಹಾಕಿಕೊಂಡೇ ಕೆಲಸ ಮಾಡಿದರೆ ಬಿಳಿ ಇರುವ ಜಾಗ ಯಾವುದು, ಏನೂ ಇಲ್ಲದ ಜಾಗ ಯಾವುದು ಅಂತ ಕಣ್ಣಿಗೇ ಗೊತ್ತಾಗುತ್ತದೆ. 2022ರಲ್ಲಿ ಬಂದ 1.2ನೇ ಆವೃತ್ತಿಯಿಂದ ಈಚೆಗೆ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಪಿಎನ್‌ಜಿ ಪಕ್ಕದ ಗೇರ್ ಗುರುತು ಒತ್ತಿದರೆ ಬಿಟ್ ಡೆಪ್ತ್ ಅನ್ನುವುದೂ ಸಿಗುತ್ತದೆ. ಅಲ್ಲಿ ಆರ್‌ಜಿಬಿಎ ಇರಬೇಕು. ಕೊನೆಯ 'ಎ' ಇಲ್ಲದ ಆರ್‌ಜಿಬಿ ಆರಿಸಿದ್ದರೆ ಆಲ್ಫಾ ಬರಲ್ಲ. ಇದನ್ನು ಯಾರೂ ತೆರೆದು ನೋಡುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಕಡೆ ಪ್ರೆಸ್‌ಗಳಲ್ಲಿ ಕೋರೆಲ್‌ಡ್ರಾ ಬಳಕೆ ತುಂಬಾ. ಅಲ್ಲಿ ಎಕ್ಸ್‌ಪೋರ್ಟ್ ಟು ಪಿಎನ್‌ಜಿ ಕಿಟಕಿಯಲ್ಲಿ ಟ್ರಾನ್ಸ್‌ಪರೆನ್ಸಿ ಅನ್ನುವ ಟಿಕ್ ಇದ್ದರೆ ಸಾಕು, ಹೆಚ್ಚಿನ ಸಲ ಅಷ್ಟೇ ತೊಂದರೆ. ಟಿಕ್ ಇದ್ದೂ ಬಿಳಿ ಬಂದರೆ ಲೇಔಟ್ ಮೆನುವಿನ ಪೇಜ್ ಬ್ಯಾಕ್‌ಗ್ರೌಂಡ್ ನೋಡಿ. ಅಲ್ಲಿ ಸಾಲಿಡ್ ಬಿಳಿ ಕೊಟ್ಟು ಪ್ರಿಂಟ್ ಅಂಡ್ ಎಕ್ಸ್‌ಪೋರ್ಟ್ ಬ್ಯಾಕ್‌ಗ್ರೌಂಡ್ ಅಂತ ಬಿಟ್ಟಿದ್ದರೆ ಪುಟದ ಬಿಳಿ ಜೊತೆಗೇ ಹೊರಡುತ್ತದೆ. ನೋ ಬ್ಯಾಕ್‌ಗ್ರೌಂಡ್ ಮಾಡಿ.

ಇಲ್ಲಸ್ಟ್ರೇಟರ್‌ನಲ್ಲಿ ಎಕ್ಸ್‌ಪೋರ್ಟ್ ಆಸ್ ಕೊಟ್ಟು ಪಿಎನ್‌ಜಿ ಆರಿಸಿದ ಮೇಲೆ ಬರುವ ಕಿಟಕಿಯಲ್ಲಿ ಬ್ಯಾಕ್‌ಗ್ರೌಂಡ್ ಕಲರ್‌ಗೆ ಟ್ರಾನ್ಸ್‌ಪರೆಂಟ್, ವೈಟ್, ಬ್ಲ್ಯಾಕ್ ಅಂತ ಮೂರು ಇರುತ್ತವೆ. ಮೊದಲನೆಯದು ಬೇಕು. ಕಂಟ್ರೋಲ್ ಶಿಫ್ಟ್ ಡಿ ಒತ್ತಿದರೆ ಆರ್ಟ್‌ಬೋರ್ಡ್ (ಕೆಲಸದ ಪುಟ) ಹಿಂದೆ ಚೌಕುಳಿ ಕಾಣುತ್ತದೆ, ಎಕ್ಸ್‌ಪೋರ್ಟ್‌ಗೆ ಮುಂಚೆ ಒಂದು ಸಲ ಒತ್ತಿ ನೋಡಿ.

ಚಿತ್ರದೊಳಗೇ ಇದ್ದರೆ

ನಿಜವಾದ ಹುಡುಕಾಟ ಇಲ್ಲಿಂದ ಶುರು. ತುಂಬಾ ಸಾಮಾನ್ಯವಾದದ್ದು, ಲೋಗೊ ಹಿಂದೆ ಯಾವಾಗಲೋ ಎಳೆದು ಮರೆತ ಬಿಳಿ ಚೌಕ. ಬಿಳಿ ಪುಟದ ಮೇಲೆ ಬಿಳಿ ಚೌಕ ಹೇಗೆ ಕಂಡೀತು, ಅಲ್ವಾ? ಔಟ್‌ಲೈನ್ ನೋಟಕ್ಕೆ ಹೋಗಿ. ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ವೈ, ಕೋರೆಲ್‌ಡ್ರಾದಲ್ಲಿ ವ್ಯೂ ಮೆನುವಿನ ವೈರ್‌ಫ್ರೇಮ್, ಇಂಕ್‌ಸ್ಕೇಪ್‌ನಲ್ಲಿ ಡಿಸ್‌ಪ್ಲೇ ಮೋಡ್‌ನಲ್ಲಿ ಔಟ್‌ಲೈನ್. ಬಣ್ಣ ಎಲ್ಲಾ ಹೋಗಿ ಬರೀ ಗೆರೆ ಉಳಿಯುತ್ತದೆ, ಅಡಗಿರುವ ಚೌಕ ಆಗ ಸಿಕ್ಕಿಬೀಳುತ್ತದೆ. ಅದನ್ನು ಆರಿಸಿ ಅಳಿಸಿ. ಒಂದರ ಹಿಂದೆ ಇನ್ನೊಂದು ಇರುವುದೂ ಉಂಟು, ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ.

ಚೌಕ ಸಿಗದಿದ್ದರೆ ನೋಡಬೇಕಾದ್ದು, ಒಳಗೆ ಫೋಟೊ ಕೂರಿಸಿದ್ದಾರಾ ಅಂತ. ವೆಕ್ಟರ್ ಫೈಲ್ ಅಂತ ಹೆಸರು, ಒಳಗೆ ನೋಡಿದರೆ ದೇವರ ಚಿತ್ರ ಮಾತ್ರ ಗೂಗಲ್‌ನಿಂದ ಇಳಿಸಿದ ಜೆಪೆಗ್. ಅದರ ಬಿಳಿ ಅದರ ಜೊತೆಗೇ ಬರುತ್ತದೆ. ಇನ್ನೂ ಮೋಸದ ಒಂದಿದೆ. ಟ್ರಾನ್ಸ್‌ಪರೆಂಟ್ ಅಂತ ತೋರಿಸಿದ ಚಿತ್ರದಲ್ಲಿ ಚೌಕುಳಿಯೇ ಚಿತ್ರದ ಭಾಗವಾಗಿ ಅಚ್ಚಾಗಿರುತ್ತದೆ, ಪರೀಕ್ಷೆ ಹಾಳೆ ಮೇಲೆ ಇಟ್ಟರೂ ಬೂದು-ಬಿಳಿ ಚೌಕುಳಿ ಹಾಗೇ ಇರುತ್ತದೆ. ಇಂಥದ್ದನ್ನು ಸರಿಮಾಡುವುದಕ್ಕಿಂತ ಬೇರೆ ಚಿತ್ರ ತರುವುದೇ ಸಲೀಸು.

ಹಳೇ ಲೋಗೊವನ್ನು ಸ್ಕ್ಯಾನ್ ಮಾಡಿ ಟ್ರೇಸ್ (ಫೋಟೊವನ್ನು ಸಾಫ್ಟ್‌ವೇರ್‌ನಿಂದಲೇ ಗೆರೆ-ಆಕಾರ ಮಾಡಿಸುವುದು) ಮಾಡಿದ್ದರೆ ಬಿಳಿ ಕಾಗದವೂ ಒಂದು ಆಕಾರವಾಗಿ ಟ್ರೇಸ್ ಆಗಿರಬಹುದು. ಇಂಕ್‌ಸ್ಕೇಪ್, ಕೋರೆಲ್‌ಡ್ರಾ ಎರಡರಲ್ಲೂ ಟ್ರೇಸ್ ಮಾಡುವಾಗ ರಿಮೂವ್ ಬ್ಯಾಕ್‌ಗ್ರೌಂಡ್ ಅನ್ನುವ ಟಿಕ್ ಇದೆ. ಹಳೇ ಇಲ್ಲಸ್ಟ್ರೇಟರ್‌ನಲ್ಲಿ ಇಗ್ನೋರ್ ವೈಟ್.

ಇನ್ನು ಕನ್ನಡದ ಅಕ್ಷರ ಇಟ್ಟು ಕೆಲಸ ಮಾಡುವವರಿಗೆ ಮಾತ್ರ ಹೆಚ್ಚಾಗಿ ಕಾಡುವ ಒಂದು ದೋಷ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಬೇರೆ ಭಾಷೆಯ ಪಾಠಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಲಿಪಿ ತುಂಬಾ ದುಂಡು. ಮೈಸೂರು ಅಂತ ಬರೆದರೆ ಕೊನೆಯ ಅಕ್ಷರದಲ್ಲಿ ರ ಹೊಟ್ಟೆ ಒಂದು ಮುಚ್ಚಿದ ವೃತ್ತ. ಮಂಡ್ಯ ಅಂತ ಬರೆದರೆ ಸೊನ್ನೆ ಒಂದು ಉಂಗುರ. ಪ್ರೆಸ್‌ಗೆ ಕಳಿಸುವ ಮುಂಚೆ ಫಾಂಟ್ ತೊಂದರೆ ಬರದಿರಲಿ ಅಂತ ಅಕ್ಷರವನ್ನು ಕರ್ವ್ (ಬರೀ ಗೆರೆಯ ಆಕಾರ) ಮಾಡುತ್ತೇವೆ, ಅದು ಸರಿ. ಆಮೇಲೆ ಒತ್ತಕ್ಷರ ಸ್ವಲ್ಪ ಸರಿಸಬೇಕು, ಕೊಂಬು ಉದ್ದ ಮಾಡಬೇಕು ಅಂತ ಬ್ರೇಕ್ ಅಪಾರ್ಟ್ ಕೊಡುತ್ತೇವೆ. ಆಗ ಹೊರಗಿನ ಗೆರೆ ಬೇರೆ ಆಕಾರ, ಒಳಗಿನ ರಂಧ್ರ ಬೇರೆ ಆಕಾರ ಆಗಿಬಿಡುತ್ತದೆ. ರಂಧ್ರವಾಗಿದ್ದದ್ದು ಕಪ್ಪು ಬಿಲ್ಲೆಯಾಗಿ ತುಂಬಿಕೊಳ್ಳುತ್ತದೆ. ಅವಸರದಲ್ಲಿ ಇರುವವರು ಆ ಬಿಲ್ಲೆಗೆ ಬಿಳಿ ಬಣ್ಣ ಹಾಕಿ ಮುಂದೆ ಹೋಗುತ್ತಾರೆ. ಬಿಳಿ ಪುಟದ ಮೇಲೆ ಅಕ್ಷರ ಮೊದಲಿನ ಹಾಗೇ ಕಾಣುತ್ತದೆ.

ಅದನ್ನು ಕೆಂಪು ಬಟ್ಟೆ ಮೇಲೋ, ಬೆಲ್ಲದ ಕಂದು ಲೇಬಲ್ ಮೇಲೋ ಇಡಿ. ರ ಹೊಟ್ಟೆಯೊಳಗೆ, ಸೊನ್ನೆಯೊಳಗೆ ಬಿಳಿ ಚುಕ್ಕೆಗಳು. ಲೋಗೊ ಸುತ್ತ ಡಬ್ಬ ಇಲ್ಲದ ಕಾರಣ ಎಲ್ಲ ಸರಿಯಿದೆ ಅಂದುಕೊಂಡು ಸಾವಿರ ಲೇಬಲ್ ಅಚ್ಚಾಗಿಬಿಡುತ್ತದೆ. ಸಣ್ಣ ಆಲೆಮನೆ ನಡೆಸುವವರು ತಮ್ಮ ಊರಿನ ಹೆಸರು ಹಾಕಿಸಿಕೊಂಡ ಮೊದಲ ಲೇಬಲ್ ಅದು, ಅಲ್ಲಿ ಊರ ಹೆಸರೇ ಕೆಟ್ಟು ಕಂಡರೆ ಅವರಿಗೆ ಎಷ್ಟು ಬೇಸರ ಆಗುತ್ತದೆ ಅಂತ ಡಿಸೈನ್ ಮಾಡುವವರು ಯೋಚನೆ ಮಾಡಬೇಕು.

ಸರಿಮಾಡುವುದು ಹೀಗೆ. ಪರೀಕ್ಷೆ ಹಾಳೆ ಮೇಲೆ ಪ್ರತಿ ಅಕ್ಷರವನ್ನೂ ಜೂಮ್ ಮಾಡಿ ನೋಡಿ. ಬಿಳಿ ಬಿಲ್ಲೆ ಸಿಕ್ಕರೆ ಅದನ್ನು ಅಳಿಸಬೇಡಿ, ಅಳಿಸಿದರೆ ಹೊಟ್ಟೆ ತುಂಬಿದ ಅಕ್ಷರ ಉಳಿಯುತ್ತದೆ. ಹೊರಗಿನ ಆಕಾರ, ಬಿಲ್ಲೆ ಎರಡನ್ನೂ ಒಟ್ಟಿಗೆ ಆರಿಸಿ ಕಂಬೈನ್ ಮಾಡಿ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಎಲ್, ಇಂಕ್‌ಸ್ಕೇಪ್‌ನಲ್ಲಿ ಕಂಟ್ರೋಲ್ ಕೆ, ಇಲ್ಲಸ್ಟ್ರೇಟರ್‌ನಲ್ಲಿ ಕಾಂಪೌಂಡ್ ಪಾತ್, ಅಂದರೆ ಕಂಟ್ರೋಲ್ 8. ರಂಧ್ರ ಮತ್ತೆ ರಂಧ್ರವಾಗುತ್ತದೆ. ಕಂಬೈನ್ ಮಾಡಿದರೂ ತುಂಬಿಕೊಂಡೇ ಇದ್ದರೆ ಗೆರೆ ಎರಡೂ ಒಂದೇ ದಿಕ್ಕಿಗೆ ಸುತ್ತುತ್ತಿವೆ ಅಂತ ಅರ್ಥ. ಇಂಕ್‌ಸ್ಕೇಪ್‌ನಲ್ಲಿ ಫಿಲ್ ಅಂಡ್ ಸ್ಟ್ರೋಕ್‌ನ ಫಿಲ್ ಪುಟದಲ್ಲಿ ಎರಡು ಪುಟ್ಟ ಗುರುತು ಇವೆ, ಇನ್ನೊಂದನ್ನು ಒತ್ತಿ ನೋಡಿ, ಅಥವಾ ಒಳಗಿನ ಗೆರೆಯ ದಿಕ್ಕನ್ನು ರಿವರ್ಸ್ ಮಾಡಿ.

ಡಬ್ಬ ಹೋಯಿತು, ತೆಳು ಬಿಳಿ ಅಂಚು ಉಳಿಯಿತು

ಅಂಚನ್ನು ತುಂಬಾ ಹತ್ತಿರದಿಂದ ನೋಡಿ. ದುಂಡು ಗೆರೆ ನುಣುಪಾಗಿ ಕಾಣಲಿ ಅಂತ ಅಂಚಿನ ಪಿಕ್ಸೆಲ್‌ಗಳು ಅರ್ಧ ಗಟ್ಟಿ, ಅರ್ಧ ಪಾರದರ್ಶಕ ಇರುತ್ತವೆ. ಅವುಗಳ ಬಣ್ಣ ಲೋಗೊದ್ದೇ ಇರಬೇಕು. ಎಲ್ಲೋ ಒಂದು ಕಡೆ ಮೊದಲು ಬಿಳಿ ಜೊತೆ ಬೆರೆಸಿ ಆಮೇಲೆ ಬಿಳಿ ತೆಗೆದಿದ್ದರೆ ಆ ಪಿಕ್ಸೆಲ್‌ಗಳಲ್ಲಿ ಬಿಳಿ ಉಳಿದುಬಿಡುತ್ತದೆ. ಕೋರೆಲ್‌ಡ್ರಾದಲ್ಲೂ, ಇಲ್ಲಸ್ಟ್ರೇಟರ್‌ನ ಹಳೇ ಸೇವ್ ಫಾರ್ ವೆಬ್‌ನಲ್ಲೂ ಅಂಚಿಗೆ ಬೆರೆಸುವ ಮ್ಯಾಟ್ ಅನ್ನುವ ಬಣ್ಣ ಕೇಳುತ್ತದೆ, ಅದು ಬಿಳಿ ಇದ್ದರೆ ಇದೇ ಫಲ. ಇಲ್ಲಸ್ಟ್ರೇಟರ್‌ನಲ್ಲಿ ಮ್ಯಾಟ್‌ಗೆ ನನ್ (None, ಯಾವುದೂ ಬೇಡ) ಕೊಡಿ. ಕೋರೆಲ್‌ಡ್ರಾದಲ್ಲಿ ಲೋಗೊ ಯಾವ ಬಣ್ಣದ ಮೇಲೆ ಕೂರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅದೇ ಬಣ್ಣ ಕೊಡಿ. ಬ್ಯಾಕ್‌ಗ್ರೌಂಡ್ ತೆಗೆಯುವ ಆಪ್ ಬೇಡ ಅಂತ ಮೊದಲೇ ಹೇಳಿದ್ದಕ್ಕೂ ಇದೊಂದು ಕಾರಣ.

ಟೀಶರ್ಟ್‌ಗೆ ಡಿಟಿಎಫ್ (ಫಿಲ್ಮ್ ಮೇಲೆ ಅಚ್ಚುಹಾಕಿ ಬಟ್ಟೆಗೆ ಒತ್ತುವ) ಪ್ರಿಂಟ್ ಮಾಡಿಸುವ ಕಬಡ್ಡಿ ತಂಡಗಳಿಗೆ ಇದು ಇನ್ನೂ ಜಾಸ್ತಿ ಕಾಡುತ್ತದೆ. ಅಲ್ಲಿ ಬಣ್ಣದ ಕೆಳಗೆ ಬಿಳಿ ಇಂಕ್ ಹಾಕುತ್ತಾರೆ. ಮಸುಕಾದ ನೆರಳು, ಹೊಗೆಯಂಥ ಗ್ಲೋ ಇದ್ದರೆ ಆ ಅರ್ಧಂಬರ್ಧ ಪಿಕ್ಸೆಲ್‌ಗಳ ಕೆಳಗೂ ಬಿಳಿ ಬಿದ್ದು ಕಪ್ಪು ಬಟ್ಟೆ ಮೇಲೆ ಬಿಳಿ ಮಂಜು ಕಾಣುತ್ತದೆ. ಡಿಟಿಎಫ್‌ಗೆ ಕೊಡುವ ಫೈಲ್‌ನಲ್ಲಿ ನೆರಳು, ಗ್ಲೋ ತೆಗೆದುಬಿಡಿ. ಆಕಾರ ಗಟ್ಟಿಯಾಗಿರಲಿ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಎಕ್ಸ್‌ಪೋರ್ಟ್ ಮಾಡಿ.

ನೆರಳಿನ ಇನ್ನೊಂದು ತಾಪತ್ರಯ, ಮಲ್ಟಿಪ್ಲೈ ಮೋಡ್. ಮಲ್ಟಿಪ್ಲೈ ಅಂದರೆ ಕೆಳಗಿನ ಬಣ್ಣದ ಜೊತೆ ಬೆರೆಯುವುದು. ಕೆಳಗೆ ಏನೂ ಇಲ್ಲದ ಕಡೆ ಬೆರೆಯುವುದಾದರೂ ಯಾವುದರ ಜೊತೆ? ಪಿಎನ್‌ಜಿಯಲ್ಲಿ ಮಲ್ಟಿಪ್ಲೈ ಉಳಿಯುವುದಿಲ್ಲ, ಬೇರೆ ಬಣ್ಣದ ಮೇಲೆ ಇಟ್ಟಾಗ ನೆರಳು ಕೊಳಕಾಗಿ ಕಾಣುತ್ತದೆ. ಎಕ್ಸ್‌ಪೋರ್ಟ್‌ಗೆ ಮುಂಚೆ ನಾರ್ಮಲ್‌ಗೆ ತಂದು ಬರೀ ಕಪ್ಪಿನ ಒಪ್ಯಾಸಿಟಿ (ಗಟ್ಟಿತನ) ಕಡಿಮೆ ಮಾಡಿ.

ಪೂರ್ತಿ ಬಣ್ಣ ತುಂಬಿದ ಚಿತ್ರದ ಒಂದೇ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಗೆರೆ ಬಂದರೆ ಅದು ಅಳತೆಯ ತೊಂದರೆ. 50 ಮಿಲಿಮೀಟರ್ ಅಗಲವನ್ನು 300 ಡಿಪಿಐಗೆ ಲೆಕ್ಕ ಹಾಕಿದರೆ 590.55 ಪಿಕ್ಸೆಲ್ ಬರುತ್ತದೆ. ಮುಕ್ಕಾಲು, ಅರ್ಧ ಪಿಕ್ಸೆಲ್ ಅಂತ ಇರಲ್ಲವಲ್ಲ, ಕೊನೆಯ ಸಾಲು ಕೆಲವು ಸಲ ಅರ್ಧ ಪಾರದರ್ಶಕ ಆಗುತ್ತದೆ. ಹಿಂದಿನ ಬಣ್ಣವನ್ನು ಪುಟದ ಅಂಚಿನಿಂದ ಮೂರು ಮಿಲಿಮೀಟರ್ ಹೊರಗೆ ಎಳೆಯಿರಿ, ಗೆರೆ ಹೋಗುತ್ತದೆ.

ಅಚ್ಚಿಗೆ ಕೊಡುವಾಗ

ಇಡೀ ಬ್ಯಾನರ್ ಮುಗಿದ ಮೇಲೆ ಫ್ಲೆಕ್ಸ್ ಮಷಿನ್‌ಗೆ ಹೋಗುವ ಫೈಲ್‌ಗೆ ಆಲ್ಫಾ ಬೇಕಿಲ್ಲ, ಅದು ಜೆಪೆಗ್ ಆದರೂ ನಡೆಯುತ್ತದೆ. ಆಲ್ಫಾ ಬೇಕಾಗಿರುವುದು ಬ್ಯಾನರ್‌ಗೆ ಸೇರಿಸುವ ಲೋಗೊಗೆ. ಇದು ಗೊತ್ತಿಲ್ಲದೆ ಮುಗಿದ ಬ್ಯಾನರನ್ನೂ ಟ್ರಾನ್ಸ್‌ಪರೆಂಟ್ ಪಿಎನ್‌ಜಿ ಮಾಡಿ ಫೈಲ್ ತೂಕ ಏರಿಸಿಕೊಳ್ಳುವವರು ಬಹಳ. ಪಿಎನ್‌ಜಿಯಲ್ಲಿ ಸಿಎಂವೈಕೆ (ಅಚ್ಚಿನ ನಾಲ್ಕು ಇಂಕಿನ ಬಣ್ಣ ಲೆಕ್ಕ) ಇಲ್ಲ ಅನ್ನುವುದೂ ನೆನಪಿರಲಿ. ಆಫ್‌ಸೆಟ್ ಪ್ರೆಸ್‌ಗೆ ಲೋಗೊ ಕೊಡುವಾಗ ಪಿಡಿಎಫ್ ಕೊಡಿ, ವೆಕ್ಟರ್ ವೆಕ್ಟರ್ ಆಗೇ ಇರುತ್ತದೆ.

ಆದರೆ ಪಿಡಿಎಫ್ ಆವೃತ್ತಿ ನೋಡಿ. ಪಾರದರ್ಶಕತೆ ಬಂದದ್ದು 2001ರ ಪಿಡಿಎಫ್ 1.4ರಲ್ಲಿ. 1.3 ಅಥವಾ ಪಿಡಿಎಫ್ ಎಕ್ಸ್-1ಎ (ಅಚ್ಚಿಗೆಂದೇ ಇರುವ ಪಿಡಿಎಫ್ ಬಗೆ) ಕೊಟ್ಟರೆ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ, ನೆರಳಿನ ಸುತ್ತ ಚೌಕದ ಹಾಗೆ ತೆಳು ಗೆರೆಗಳು ಪರದೆ ಮೇಲೆ ಕಾಣಬಹುದು. ಜೂಮ್ ಮಾಡಿದರೂ ಅವು ದಪ್ಪ ಆಗದಿದ್ದರೆ ಅವು ಪರದೆಯದ್ದು, ಸಾಮಾನ್ಯವಾಗಿ ಅಚ್ಚಿನಲ್ಲಿ ಬರಲ್ಲ. ಪ್ರೆಸ್‌ನವರ ಮಷಿನ್ ಒಪ್ಪಿದರೆ ಪಿಡಿಎಫ್ ಎಕ್ಸ್-4 ಕೊಡಿ. ಅಚ್ಚಿನ ಹಳೇ ಫೈಲ್ ಬಗೆಯಾದ ಇಪಿಎಸ್‌ನಲ್ಲಿ ಪಾರದರ್ಶಕತೆ ಇಲ್ಲವೇ ಇಲ್ಲ.

ಕೊನೆಯದಾಗಿ, ಇದಕ್ಕೆ ಉಲ್ಟಾ ದೋಷವೂ ಒಂದಿದೆ. ಪರದೆ ಮೇಲೆ ಬಿಳಿ ಅಕ್ಷರ ಇದೆ, ಅಚ್ಚಾದ ಮೇಲೆ ಮಾಯ. ಆ ಅಕ್ಷರ ಮೊದಲು ಕಪ್ಪಾಗಿತ್ತು, ಓವರ್‌ಪ್ರಿಂಟ್ ಹಾಕಿತ್ತು, ಆಮೇಲೆ ಬಣ್ಣ ಮಾತ್ರ ಬಿಳಿ ಮಾಡಿದ್ದಾರೆ, ಓವರ್‌ಪ್ರಿಂಟ್ ಹಾಗೇ ಉಳಿದಿದೆ. ಬಿಳಿ ಅಂದರೆ ಅಲ್ಲಿ ಇಂಕ್ ಇಲ್ಲ, ಓವರ್‌ಪ್ರಿಂಟ್ ಅಂದರೆ ಕೆಳಗಿನ ಬಣ್ಣ ಕತ್ತರಿಸಿ ತೆಗೆಯಬೇಡ, ಅದರ ಮೇಲೇ ಹಾಕು ಅಂತ. ಎರಡೂ ಸೇರಿದರೆ ಕೆಳಗಿನ ಬಣ್ಣವೇ ಉಳಿಯುತ್ತದೆ. ಇಲ್ಲಸ್ಟ್ರೇಟರ್‌ನ ವ್ಯೂ ಮೆನುವಿನಲ್ಲಿ ಓವರ್‌ಪ್ರಿಂಟ್ ಪ್ರಿವ್ಯೂ ಹಾಕಿದರೆ ಅಕ್ಷರ ಪರದೆ ಮೇಲೂ ಮಾಯ ಆಗುತ್ತದೆ. ಆಟ್ರಿಬ್ಯೂಟ್ಸ್ ಕಿಟಕಿಯಲ್ಲಿ ಓವರ್‌ಪ್ರಿಂಟ್ ಫಿಲ್ ಟಿಕ್ ತೆಗೆಯಿರಿ, ಪ್ಲೇಟ್ ಮಾಡಿಸುವ ಮುಂಚೆಯೇ.